ಎರವಲು ಭಾವನ ಸ್ವಂತ ಬೈಕು

ಇಂಜಿನ್ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಏಕೆಂದರೆ ಆ ಪಾಠ ಹೇಳುವವನೇ ನಾನು! ಹಾಸನದ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ವಿಜ್ಞಾನದ ಮೇಷ್ಟ್ರು. ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಇಂಜಿನ್ನಿನ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ನನಗೆ ನಾನೇ ಹತ್ತಕ್ಕೆ ಹತ್ತು ಅಂಕ ಕೊಟ್ಟುಕೊಳ್ಳಬಲ್ಲೆ. ಹಾಗಾಗಿ ಒಂದು ಹಳೇ ಮೋಟಾರ್ ಬೈಕ್ ಕೊಂಡು, ಚಳಿಗಾಲ ಮುಗಿಯುವುದರೊಳಗೆ ಅದನ್ನು ನನ್ನ ಕೈಯಾರೆ ರಿಪೇರಿ ಮಾಡಿ ಓಡಿಸುತ್ತೇನೆಂದು ತೀರ್ಮಾನಿಸಿದಾಗ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವೆಲ್ಲ ನನ್ನ ಹೆಂಡತಿ ಜಯಳ ಪಾಲಿಗೆ ಬಂದಿತ್ತು.

ಈ ಹುಚ್ಚಿನ ಹಿಂದೆ ಒಂದು ಹಳೇ ಕಳಂಕವಿದೆ. ಇಪ್ಪತ್ತೆಂಟು ವರ್ಷಗಳ ಹಿಂದೆ, ಕೊಣನೂರಿನ ಹತ್ತಿರದ ಹಳ್ಳಿಗೆ ಜಯಳನ್ನು ನೋಡಲು ಹೋದಾಗ, ನಾನು ಎರಡು ಸೈಲೆನ್ಸರಿನ ಒಂದು ಭರ್ಜರಿ ಬೈಕಿನಲ್ಲಿ ಹೋಗಿದ್ದೆ. ಬೈಕು ನನ್ನ ಗೆಳೆಯನದು. ಜಗಲಿಯ ಮೇಲೆ ನಿಂತಿದ್ದ ಮಾವನವರು, "ಉಡ್ಗ ಮೇಷ್ಟ್ರು, ಸ್ವಂತ ಗಾಡಿ ಬ್ಯಾರೆ ಮಡಗವ್ನೆ" ಎಂದು ಪಕ್ಕದವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಗಾಡಿ ನನ್ನದು ಎಂದು ನಾನು ಹೇಳಲಿಲ್ಲ. ನನ್ನದಲ್ಲ ಎಂದೂ ಹೇಳಲಿಲ್ಲ. ಅಷ್ಟೇ ನಾನು ಮಾಡಿದ ತಪ್ಪು!

ಮದುವೆಯ ದಿನ ಆ ಗೆಳೆಯ ಅದೇ ಬೈಕಿನಲ್ಲಿ ಬಂದ. ಜಯಳ ತಮ್ಮ ರಂಗಸ್ವಾಮಿ ಆಗಿನ್ನೂ ಎಸ್ಸೆಸ್ಸೆಲ್ಸಿ. ಚಪ್ಪರದ ಮುಂದೆ ಬೈಕಿನ ಮೇಲೆ ರಾಜನ ಹಾಗೆ ಕುಳಿತಿದ್ದವನನ್ನು ನನ್ನ ಗೆಳೆಯ "ಲೇ, ನನ್ ಗಾಡಿ ಮೇಲಿಂದ ಇಳಿಯಲಾ" ಎಂದು ಗದರಿದ. "ಇದು ನಮ್ ಬಾವುಂದು!" ಎಂದು ರಂಗ ಎದೆಯುಬ್ಬಿಸಿದ. "ನಿಮ್ ಬಾವುಂದಾ? ಎಣ್ ನೋಡಕ್ಕೆ ಓಗ್ಬೇಕು ಅಂತ ಎರವಲು ಇಸ್ಕಂಡೋಗಿದ್ದ ಕಣ್ಲಾ!" ಎಂದು ಗೆಳೆಯ ಇಡೀ ಚಪ್ಪರಕ್ಕೆ ಕೇಳುವಂತೆ ಸತ್ಯವನ್ನು ಸಾರಿದ. ಒಳಗೆ ನಾನು ಬಾಸಿಂಗ ಕಟ್ಟಿಕೊಂಡು ಕುಳಿತಿದ್ದೆ. ಎದ್ದು ಓಡುವಂತಿರಲಿಲ್ಲ.

ಅಂದಿನಿಂದ ನಾನು 'ಎರವಲು ಬಾವ'. ನಾಮಕರಣವಾಗಲಿ, ಬೀಗರೂಟವಾಗಲಿ, ನಾನು ಕಾರಿನಿಂದ ಇಳಿದರೂ ರಂಗ ಸುತ್ತಮುತ್ತ ನೋಡಿ, "ಇದ್ಯಾರ್ದು ಬಾವ, ಎರವಲಾ?" ಎನ್ನುತ್ತಿದ್ದ. ಸಾಲ ತೀರಿಸಿದ ಕಾಗದ ತೋರಿಸಿದರೂ ನಂಬುತ್ತಿರಲಿಲ್ಲ. ಮನುಷ್ಯ ಎಲ್ಲವನ್ನೂ ಸಹಿಸಬಹುದು, ಭಾಮೈದನ ನಗುವನ್ನು ಸಹಿಸುವುದು ಕಷ್ಟ.

ಕಳೆದ ದೀಪಾವಳಿಯ ಹೊತ್ತಿಗೆ, ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರಿನ ಹತ್ತಿರ ಒಬ್ಬರ ಕೊಟ್ಟಿಗೆಯಲ್ಲಿ ಅದೇ ಜಾತಿಯ ಬೈಕು ಇದೆಯೆಂದು ಸುದ್ದಿ ಬಂತು. ಕಂಪನಿಯ ಹೆಸರು ಬರೆಯುವುದಿಲ್ಲ. ನಾನು ಮಾಡಿದ ಅವಾಂತರಗಳ ಜೊತೆ ಆ ಒಳ್ಳೆಯ ಹೆಸರನ್ನು ಸೇರಿಸುವುದು ನ್ಯಾಯವಲ್ಲ. ಭಾನುವಾರ ಬೆಳಿಗ್ಗೆಯೇ ಹೋದೆ. ಬೈಕಿನ ಒಡತಿ ಪುಟ್ಟಮ್ಮ ಎಂಬ ಅರವತ್ತು ದಾಟಿದ ಗಟ್ಟಿಗಿತ್ತಿ. ಕೊಟ್ಟಿಗೆಯ ಮೂಲೆಗೆ ಕರೆದೊಯ್ದರು. ಹುಲ್ಲು, ಗೋಣಿಚೀಲ, ಮುರಿದ ಕುಂಟೆ, ಇವುಗಳ ನಡುವೆ ಎರಡು ಸೈಲೆನ್ಸರ್ ಕಂಡವು. ಸೀಟಿನ ಮೇಲೆ ಹಳೇ ಮಂಕರಿ, ಮಂಕರಿಯಲ್ಲಿ ಒಂದು ಕೋಳಿ!

ಮಾತುಕತೆ ಐದು ನಿಮಿಷದಲ್ಲಿ ಮುಗಿಯಿತು. "ಸರಿ, ಈಗಲೇ ತಗೊಂಡು ಹೋಗ್ತೀನಿ" ಎಂದೆ.

"ಈಗ್ಲೇ ಆಗಕ್ಕಿಲ್ಲ ಸಾ. ಕೋಳಿ ಕಾವ್ಗೆ ಕುಂತದೆ."

"ಮಂಕರಿ ಎತ್ತಿ ಆ ಕಡೆ ಇಟ್ರೆ ಆಯ್ತಲ್ಲ ಅಮ್ಮ?"

ಪುಟ್ಟಮ್ಮ ನನ್ನನ್ನು ಕೊಲೆಗಾರನನ್ನು ನೋಡುವಂತೆ ನೋಡಿದರು. "ಕಾವ್ಗೆ ಕುಂತಿರೋ ಕೋಳೀನ ಜಾಗ ಬುಡ್ಸಾರಾ ಸಾ? ಮೊಟ್ಟೆಯೆಲ್ಲ ಕೆಟ್ಟೋಗ್ತವೆ. ಮೊನ್ನೆ ತಾನೇ ಕುಂತದೆ. ಮರಿ ಆದ್ಮೇಕೆ ಬನ್ನಿ."

ಕೋಳಿ ಮೊಟ್ಟೆಗೆ ಇಪ್ಪತ್ತೊಂದು ದಿನ ಬೇಕೆಂಬುದು ವಿಜ್ಞಾನದ ಮೇಷ್ಟ್ರಾದ ನನಗೆ ಗೊತ್ತಿತ್ತು. ಆದರೆ ಅದು ನನ್ನ ಜೀವನದಲ್ಲಿ ಅಡ್ಡ ಬರುತ್ತದೆಂದು ಗೊತ್ತಿರಲಿಲ್ಲ. ದಿನಾ ಸಂಜೆ ಪುಟ್ಟಮ್ಮನಿಗೆ ಫೋನ್ ಮಾಡಿ ಕೋಳಿಯ ಆರೋಗ್ಯ ವಿಚಾರಿಸತೊಡಗಿದೆ. "ಊಟ ಮಾಡ್ತಿದೆಯಾ? ಎದ್ದು ಓಡಾಡ್ತಾ?" ಎಂದೆಲ್ಲ ಕೇಳುತ್ತಿದ್ದುದನ್ನು ಜಯ ಅಡಿಗೆಮನೆಯಿಂದ ಕೇಳಿಸಿಕೊಂಡು, "ನಮ್ ಹುಡುಗಿ ಹುಟ್ಟುವಾಗ ಇಷ್ಟು ವಿಚಾರಿಸಿರ್ಲಿಲ್ವಲ್ರೀ" ಎಂದಳು. ಕೊನೆಗೆ ಹನ್ನೊಂದು ಮರಿಗಳಾದವು. ತಾಯಿ, ಮಕ್ಕಳು ಎಲ್ಲರೂ ಕ್ಷೇಮ. ಮಾರನೆಯ ದಿನವೇ ಗೂಡ್ಸ್ ಆಟೋದಲ್ಲಿ ಬೈಕು ಹಾಸನಕ್ಕೆ ಬಂತು. ಮೊದಲ ಕೆಲಸವಾಗಿ ಆರ್.ಸಿ.ಯನ್ನು ನನ್ನ ಹೆಸರಿಗೆ ಬದಲಾಯಿಸಲು ಅರ್ಜಿ ಹಾಕಿದೆ. ಆ ಹೆಸರು ಎಷ್ಟು ಮುಖ್ಯವೆಂದು ನಿಮಗೀಗ ಗೊತ್ತಲ್ಲ.

ಅಲ್ಲಿಗೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಅದೇ ದಿನ ರಂಗನಿಗೆ ಫೋನ್ ಮಾಡಿದೆ.

"ರಂಗ, ಈ ಸಂಕ್ರಾಂತಿಗೆ ನಾನೂ ನಿಮ್ಮಕ್ಕನೂ ಬೈಕಲ್ಲಿ ಬರ್ತೀವಿ. ಸ್ವಂತ ಬೈಕಲ್ಲಿ! ಎರಡು ಸೈಲೆನ್ಸರ್!"

ಆ ಕಡೆಯಿಂದ ಅದೇ ಹಳೇ ನಗು. "ಬನ್ನಿ ಬಾವ. ಗಾಡಿ ಓಡುಸ್ಕಂಡು ನಮ್ ಜಗ್ಲಿ ಮುಂದಕ್ಕೆ ಬಂದ್ರೆ, ಆ ಎಸ್ರು ಅವತ್ತೇ ಬುಟ್ಬುಟ್ಟೆ. ಬಸ್ಸಲ್ಲಿ ಬಂದ್ರೆ ಮಾತ್ರ ನಮ್ ಮಮ್ಮಕ್ಳಿಗೂ ಯೋಳ್ಕೊಟ್ಟೇ ಸಾಯದು ನಾನು!"

ಹೀಗೆ ಒಂದು ಫೋನ್ ಕಾಲಿನಲ್ಲಿ ನನ್ನ ಮಾನ, ಮರ್ಯಾದೆ, ಮುಂದಿನ ತಲೆಮಾರಿನವರೆಗಿನ ಹೆಸರು ಎಲ್ಲವನ್ನೂ ಆ ತುಕ್ಕು ಹಿಡಿದ ಗಾಡಿಯ ಮೇಲೆ ಹೇರಿದೆ.

ಕಾರ್ಯಾರಂಭವಾಯಿತು. ನಮ್ಮ ಮನೆಯ ವರಾಂಡ ಕಾರ್ಖಾನೆಯಾಯಿತು. ಬೆಳಗಿನ ಚಳಿಯಲ್ಲಿ ಮಫ್ಲರ್ ಸುತ್ತಿಕೊಂಡು, ಎಡಗೈಯಲ್ಲಿ ಕಾಫಿ, ಬಲಗೈಯಲ್ಲಿ ಸ್ಪ್ಯಾನರ್ ಹಿಡಿದು, ಶಾಲೆಗೆ ಹೊರಡುವವರೆಗೂ ಬಿಚ್ಚಿದೆ. ಬಿಚ್ಚುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ! ಎರಡೇ ವಾರದಲ್ಲಿ ಬೈಕು ಎಂಬುದು ಉಳಿಯಲಿಲ್ಲ. ಏಳು ಬಕೆಟ್, ಎರಡು ಪರಾತ ಮತ್ತು ಜಯಳ ಒಂದು ಹೊಸ ಪಾತ್ರೆ ಉಳಿದವು.

ಆಮೇಲೆ ಇಂಜಿನ್ ಬಿಚ್ಚಿದೆ. ಪಿಸ್ಟನ್ ಸಿಕ್ಕಿತು. ಸಿಲಿಂಡರ್ ಸಿಕ್ಕಿತು. ವಾಲ್ವ್ ಸಿಗಲಿಲ್ಲ! ಪಠ್ಯಪುಸ್ತಕದ ಚಿತ್ರದಲ್ಲಿ ಎರಡು ವಾಲ್ವ್ ಸ್ಪಷ್ಟವಾಗಿವೆ. ನಾನೇ ಎಷ್ಟು ಬಾರಿ ಬರೆದಿದ್ದೇನೆ, ಒಂದು ಒಳಗೆ ಬಿಡಲು, ಒಂದು ಹೊರಗೆ ಬಿಡಲು. ಮೂರು ಭಾನುವಾರ ಹುಡುಕಿದೆ. ಬಕೆಟ್ಟುಗಳನ್ನು ತಲೆಕೆಳಗು ಮಾಡಿದೆ. ವರಾಂಡ ಗುಡಿಸಿದ ಕಸವನ್ನು ಮೊರದಲ್ಲಿ ಕೇರಿದೆ. ಕೊನೆಗೆ ಸಿಟ್ಟು ನೆತ್ತಿಗೇರಿ ಪುಟ್ಟಮ್ಮನಿಗೆ ಫೋನ್ ಮಾಡಿದೆ.

"ಏನಮ್ಮ ನೀವು, ಮರ್ಯಾದಸ್ಥರು ಅಂತ ನಂಬಿದ್ರೆ, ಗಾಡಿಯಲ್ಲಿ ಎರಡೂ ವಾಲ್ವ್ ಇಲ್ಲವಲ್ಲ!"

"ಅದ್ಯಾವ್ದೋ ನಂಗೊತ್ತಿಲ್ಲ ಸಾ. ಕೋಳಿ ನುಂಗಿದ್ರೆ ನಂಗೆಂಗ್ ಗೊತ್ತಾದ್ದು?" ಎಂದು ಪುಟ್ಟಮ್ಮ ಫೋನಿಟ್ಟರು.

ಇಂಜಿನ್ನನ್ನು ಬಲ್ಲವರಿಗೇ ತೋರಿಸಬೇಕೆಂದು ಜಯ ಹಟ ಹಿಡಿದಳು. ಹೊಳೆನರಸೀಪುರದಲ್ಲಿ, ಹೇಮಾವತಿ ಸೇತುವೆಯ ಹತ್ತಿರ ಸ್ವಾಮಣ್ಣ ಎಂಬ ಹಳೇ ಮೆಕ್ಯಾನಿಕ್ ಇದ್ದಾರೆಂದು ತಿಳಿಯಿತು. ಕಾರಿನ ಸೀಟಿಗೆ ಗ್ರೀಸು ಮೆತ್ತಲು ಜಯ ಬಿಡಲಿಲ್ಲವಾದ್ದರಿಂದ ಇಂಜಿನ್ನನ್ನು ಗೋಣಿಚೀಲದಲ್ಲಿ ಕಟ್ಟಿ, ಇಬ್ಬರು ಹಿಡಿದು ಬಸ್ಸಿಗೆ ಎತ್ತಿದೆವು. ಕಂಡಕ್ಟರ್ ಮೂಟೆಯನ್ನು ಕಾಲಿನಿಂದ ತಳ್ಳಿ ನೋಡಿ, "ಏನ್ ಸಾ ಇದು, ಇಷ್ಟು ಭಾರ?" ಎಂದ.

"ಇಂಜಿನ್."

"ನಮ್ ಬಸ್ಸಲ್ಲೇ ಒಂದದೆ ಸಾ, ಸಾಕಾಗಿತ್ತು" ಎಂದು ಲಗೇಜ್ ಟಿಕೆಟ್ ಹರಿದು ಕೊಟ್ಟ. ಇಡೀ ಬಸ್ಸು ನಕ್ಕಿತು.

ಸ್ವಾಮಣ್ಣ ಎಪ್ಪತ್ತರ ಹತ್ತಿರದ ಸಣಕಲು ಮನುಷ್ಯ. ಬಾಯಲ್ಲಿ ಎಲೆಯಡಿಕೆ. ಇಂಜಿನ್ನನ್ನು ಮಗುವಿನಂತೆ ಮಗ್ಗುಲು ತಿರುಗಿಸಿ ನೋಡಿದರು. ನಾನು ವಾಲ್ವ್ ಕಳವಾದ ದೂರನ್ನು ಗಂಭೀರವಾಗಿ ಸಲ್ಲಿಸಿದೆ. ಅವರು ಎಲೆಯಡಿಕೆ ಉಗಿದು ಬಂದು ನಿಧಾನವಾಗಿ ಹೇಳಿದರು.

"ಇದು ಟೂ ಸ್ಟ್ರೋಕ್ ಕಣ್ ಸಾ. ಇದ್ರಲ್ಲಿ ವಾಲ್ವೇ ಇರಕ್ಕಿಲ್ಲ."

ನಾನು ಇಪ್ಪತ್ತೊಂಬತ್ತು ವರ್ಷ ಬರೆದದ್ದು ಫೋರ್ ಸ್ಟ್ರೋಕ್! ಟೂ ಸ್ಟ್ರೋಕ್ ಪಾಠ ಪರೀಕ್ಷೆಗೆ ಬರುವುದಿಲ್ಲವೆಂದು ನಾನೇ ಪ್ರತಿ ವರ್ಷ ಬಿಡಿಸುತ್ತಿದ್ದೆ.

"ಮೇಷ್ಟ್ರು ಅಂದ್ರಲ್ಲ, ಯಾವ ಸಬ್ಜೆಕ್ಟ್ ಸಾ ತಾವು?" ಎಂದು ಸ್ವಾಮಣ್ಣ ವಿನಯದಿಂದ ಕೇಳಿದರು.

"ಚರಿತ್ರೆ" ಎಂದೆ.

ಇಂಜಿನ್ ಅವರಲ್ಲೇ ಉಳಿಯಿತು. ಮನೆಯಲ್ಲಿ ಉಳಿದ ಕೆಲಸವನ್ನು ನಾನು ಮುಂದುವರಿಸಿದೆ. ಅದು ಅವರೆಕಾಯಿಯ ಕಾಲ. ಧನುರ್ಮಾಸದ ಚಳಿಗೆ ಹಾಸನದಲ್ಲಿ ಯಾರ ಮನೆಯ ಮುಂದೆ ಹೋದರೂ ಸೊಗಡಿನ ವಾಸನೆ. ನಮ್ಮ ವರಾಂಡದ ಅರ್ಧ ಜಯಳ ಅವರೆಕಾಯಿಗೆ, ಅರ್ಧ ನನ್ನ ಬೈಕಿಗೆ ಎಂದು ಒಪ್ಪಂದವಾಗಿತ್ತು. ನಡುವೆ ಗಡಿರೇಖೆಯಾಗಿ ಒಂದು ಚಾಪೆ. ಅವತ್ತು ಜಯ ಪೇಪರ್ ಹರಡಿ ಕಾಯಿ ಸುಲಿಯುತ್ತಿದ್ದಳು. ನಾನು ಕೊನೆಗೆ ಉಳಿದಿದ್ದ ಹ್ಯಾಂಡಲ್ ಬಿಚ್ಚುತ್ತಿದ್ದೆ. ಹ್ಯಾಂಡಲ್ ಸರಾಗವಾಗಿ ತಿರುಗಲೆಂದು ಅದರ ಬುಡದಲ್ಲಿ ಉಕ್ಕಿನ ಸಣ್ಣ ಗುಂಡುಗಳನ್ನು ಇಟ್ಟಿರುತ್ತಾರೆ. ಅವು ಬಿಡಿಬಿಡಿಯಾಗಿರುತ್ತವೆಂದು ನನಗೆ ಯಾರೂ ಹೇಳಿರಲಿಲ್ಲ. ನಟ್ಟು ತೆಗೆದದ್ದೇ ತಡ, ಗುಂಡುಗಳೆಲ್ಲ ಟಣಟಣ ಎಂದು ಉದುರಿ ದಶದಿಕ್ಕುಗಳಿಗೂ ಓಡಿದವು!

"ಗಡಿ ದಾಟಿವೆ ನೋಡಿ!" ಎಂದು ಜಯ ಕಾಲು ಮೇಲೆತ್ತಿದಳು.

ಮೊಣಕಾಲ ಮೇಲೆ ಹರಿದಾಡಿ ಹೆಕ್ಕಿದೆ. ಎಣಿಸಿದರೆ ಒಂದು ಕಡಿಮೆ. ಚಪ್ಪಲಿಯೊಳಗೆ, ಚರಂಡಿಯ ಜಾಲರಿಯಲ್ಲಿ, ಪಕ್ಕದ ಮನೆಯ ರಂಗೋಲಿಯಲ್ಲಿ ಹುಡುಕಿದೆ. ಇಲ್ಲ. ಆ ಅಳತೆಯ ಗುಂಡು ಹಾಸನದ ಅಂಗಡಿಗಳಲ್ಲೂ ಸಿಗಲಿಲ್ಲ. ಒಂದು ಅವರೆಕಾಳಿನಷ್ಟು ಕಬ್ಬಿಣಕ್ಕಾಗಿ ಇಡೀ ಬೈಕು ನಿಂತಿತು.

ಎರಡು ದಿನದ ಮೇಲೆ ರಂಗ ಬಂದ. ತೋಟದ ಅವರೆಕಾಯಿ ಒಂದು ಚೀಲ ಹೊತ್ತು ತಂದಿದ್ದ. ಅವರೆಕಾಯಿ ನೆಪ, ಬೈಕಿನ ಸ್ಥಿತಿ ನೋಡಿ ನಕ್ಕು ಹೋಗುವುದೇ ಉದ್ದೇಶ ಎಂದು ನನಗೆ ಗೊತ್ತಾಯಿತು. ಏಳು ಬಕೆಟ್ ನೋಡಿ ಅವನಿಗೆ ಸ್ವರ್ಗವೇ ಸಿಕ್ಕಿತು. "ಬಾವ, ಇದ್ರಲ್ಲಿ ಯಾವ ಬಕೀಟಲ್ಲಿ ಕುಂತ್ಕಂಡ್ ಬತ್ತೀರಿ ಊರ್ಗೆ?" ಎಂದು ಕೇಳುತ್ತ ಊಟದ ಮೇಜಿನ ಮುಂದೆ ಕುಳಿತ. ಜಯ ಮೊನ್ನೆ ಸುಲಿದಿಟ್ಟಿದ್ದ ಅವರೆಕಾಳಿನ ಉಪ್ಪಿಟ್ಟು ಬಡಿಸಿದಳು. ರಂಗ ನಗುನಗುತ್ತಲೇ ದೊಡ್ಡದೊಂದು ತುತ್ತು ಬಾಯಿಗಿಟ್ಟ.

ಕಟ್!

ಆ ಸದ್ದು ಅಡಿಗೆಮನೆಗೂ ಕೇಳಿಸಿತು. ರಂಗ ಕೆನ್ನೆ ಹಿಡಿದುಕೊಂಡು ಚೀರಿದ. ನಾನು ಕುರ್ಚಿಯಿಂದ ಎಗರಿ ನಿಂತೆ.

"ಸಿಕ್ತು! ಜಯಾ, ಗುಂಡು ಸಿಕ್ತು!"

"ನನ್ ಅಲ್ಲು ಓಯ್ತಲ್ಲ ಬಾವ!"

"ಹಲ್ಲು ಇರ್ಲಿ ಕಣೋ, ನುಂಗ್ಬೇಡ! ಉಗಿ! ಮೆಲ್ಲಗೆ ಉಗಿ!"

ತಟ್ಟೆಗೆ ಎರಡು ವಸ್ತುಗಳು ಬಿದ್ದವು. ಒಂದು ಅರ್ಧ ದವಡೆ ಹಲ್ಲು, ಒಂದು ಉಕ್ಕಿನ ಗುಂಡು. ನಾನು ಗುಂಡನ್ನು ತೊಳೆದು, ಒರೆಸಿ, ಜೇಬಿಗೆ ಹಾಕಿಕೊಂಡ ಮೇಲೆಯೇ ಹಲ್ಲಿನ ವಿಚಾರ ಕೇಳಿದ್ದೆಂದು ಜಯ ಇವತ್ತಿಗೂ ಎಲ್ಲರಿಗೂ ಹೇಳುತ್ತಾಳೆ. ದಂತವೈದ್ಯರ ಬಳಿ ನಾನೇ ಕರೆದುಕೊಂಡು ಹೋದೆ. ಬಾಯಿಗೆ ಹತ್ತಿ ತುರುಕಿಕೊಂಡು ಬಸ್ಸು ಹತ್ತುವಾಗ ರಂಗ ಏನೋ ಹೇಳಿದ. ಸರಿಯಾಗಿ ಕೇಳಿಸಲಿಲ್ಲ. ಮುಖ ನೋಡಿದರೆ ಸಂಕ್ರಾಂತಿಯ ದಿನ ನನ್ನ ಗತಿ ನೆಟ್ಟಗಿರುವುದಿಲ್ಲವೆಂದು ತಿಳಿಯಿತು.

ಹಬ್ಬಕ್ಕೆ ಹತ್ತು ದಿನವಿರುವಾಗ ಸ್ವಾಮಣ್ಣ ಇಂಜಿನ್ ಸಿದ್ಧಮಾಡಿ ಕೊಟ್ಟರು. ಅದೇ ಕಂಡಕ್ಟರ್, ಅದೇ ಮೂಟೆ. ಹೊರಡುವಾಗ ಸ್ವಾಮಣ್ಣ ಮೂರು ಮಾತು ಹೇಳಿದ್ದರು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕು, ಜಾಸ್ತಿ ಅಲ್ಲ. ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿ. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ಮಡಿಸಬೇಕು. ಆಕ್ಸಿಲರೇಟರ್ ವೈರನ್ನು ಹ್ಯಾಂಡಲ್ ತಿರುಗಿದಾಗ ಎಳೆಯದಂತೆ ಸಡಿಲವಾಗಿ ಹಾಕಬೇಕು. "ಗಾಡಿ ಜೋಡ್ಸಿ ಒಂದಪ ನನ್ತಾವ್ಕೆ ತನ್ನಿ ಸಾ. ವೈರು, ಬ್ರೇಕು ನಾನೇ ನೋಡ್ಕೊಡ್ತೀನಿ. ಅವೆರಡು ಬಾಳ ಸೂಕ್ಷ್ಮ" ಎಂದಿದ್ದರು. ಒಂದು ವೈರಿಗಾಗಿ ಹೊಳೆನರಸೀಪುರದವರೆಗೆ ಹೋಗುವುದೇ! ನಾನೇ ಹಾಕಿದೆ. ವೈರು ಸ್ವಲ್ಪ ಗಿಡ್ಡವಾಗಿತ್ತು, ನೇರವಾಗಿ ಎಳೆದು ಬಿಗಿದೆ. ಬ್ರೇಕು ಹಿಡಿದಾಗ ಕಿರ್ರೆಂದು ಸದ್ದು ಬರುತ್ತಿತ್ತು. ಎರಡೂ ಬ್ರೇಕಿನ ಹೊಟ್ಟೆ ತೆರೆದು ಒಳಗೆಲ್ಲ ಚೆನ್ನಾಗಿ ಗ್ರೀಸ್ ಮೆತ್ತಿದೆ. ಸದ್ದು ಅಲ್ಲಿಗೇ ನಿಂತಿತು. ಎಂಥ ನೈಪುಣ್ಯ!

ಪೆಟ್ರೋಲಿಗೆ ಆಯಿಲನ್ನು, ಒಳ್ಳೆಯದೇ ಆಗಲಿ ಎಂದು, ಹೇಳಿದ್ದಕ್ಕಿಂತ ಎರಡರಷ್ಟು ಸುರಿದೆ. ನಲವತ್ತನೆಯ ಕಿಕ್ಕಿಗೆ ಬೈಕು ಕೆಮ್ಮಿತು. ನಲವತ್ತೊಂದನೆಯದಕ್ಕೆ ಎದ್ದಿತು! ಡುಗುಡುಗುಡುಗು! ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ನಿಜವಾಗಿ ಹೇಳುತ್ತೇನೆ, ಸಂತೋಷಕ್ಕೆ. ಆಮೇಲೆ ಬಂದದ್ದು ಹೊಗೆಗೆ. ಇಡೀ ಬೀದಿ ಬೆಳ್ಳಗಾಯಿತು. ಪಕ್ಕದ ಮನೆಯ ಸರೋಜಮ್ಮ ಕಿಟಕಿಯಿಂದ, "ಜಯಾ, ಪಾತ್ರೆಯೆಲ್ಲ ಮುಚ್ಚಿಟ್ಕಳಿ, ಸೊಳ್ಳೆ ಹೊಗೆ ಬುಡೋರು ಬಂದವ್ರೆ!" ಎಂದು ಕೂಗಿದರು. ಹೊಗೆಯೊಳಗಿಂದ ಜಯಳ ದನಿ ಬಂತು, "ಅವರಲ್ಲ ಸರೋಜಕ್ಕ, ನಮ್ಮನೇರು!"

ಸಂಕ್ರಾಂತಿಯ ದಿನ ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಜಯ ರೇಷ್ಮೆ ಸೀರೆಯ ಸೆರಗನ್ನು ಬಿಗಿಯಾಗಿ ಸಿಕ್ಕಿಸಿ, ಹೆಲ್ಮೆಟ್ ಹಾಕಿ, ಎಳ್ಳುಬೆಲ್ಲದ ಚೀಲ ಹಿಡಿದು ಹಿಂದೆ ಕುಳಿತಳು. ಬೀದಿಯ ಜನವೆಲ್ಲ ಗೇಟಿಗೆ ಬಂದು ನಿಂತಿದ್ದರು, ಬೀಳ್ಕೊಡಲೋ ನಾವು ಹೋದದ್ದನ್ನು ಖಾತರಿ ಮಾಡಿಕೊಳ್ಳಲೋ ಗೊತ್ತಿಲ್ಲ. ಅರಕಲಗೂಡಿನ ರಸ್ತೆ ಹಿಡಿದೆವು. ಬಿಸಿಲು ಹಿತವಾಗಿತ್ತು. ದಾರಿಯಲ್ಲಿ ಎದುರಾದ ಪ್ರತಿ ಊರಿನಲ್ಲೂ ವಯಸ್ಸಾದ ಗಂಡಸರು ಆ ಸದ್ದಿಗೇ ತಿರುಗಿ ನೋಡಿ ನಗುತ್ತಿದ್ದರು. ಹುಡುಗರು ಮೊಬೈಲ್ ಎತ್ತುತ್ತಿದ್ದರು. ನನ್ನ ಎದೆ ಜಾಕೆಟ್ಟಿನ ಗುಂಡಿ ಕಿತ್ತುಬರುವಷ್ಟು ಉಬ್ಬಿತ್ತು.

"ರೀ, ತಿರುವಿನಲ್ಲೆಲ್ಲ ಯಾಕೆ ಜೋರಾಗಿ ಓಡಿಸ್ತೀರಿ?" ಎಂದಳು ಜಯ.

ಓಡಿಸುತ್ತಿದ್ದದ್ದು ನಾನಲ್ಲ. ಹ್ಯಾಂಡಲ್ ತಿರುಗಿಸಿದಾಗಲೆಲ್ಲ ಬೈಕು ತಾನೇ ಮುನ್ನುಗ್ಗುತ್ತಿತ್ತು. "ಸ್ಟೈಲು" ಎಂದೆ. ಬ್ರೇಕನ್ನೂ ಎರಡು ಸಲ ಪರೀಕ್ಷಿಸಿದ್ದೆ. ಸದ್ದು ಸಂಪೂರ್ಣವಾಗಿ ನಿಂತಿತ್ತು, ಗಾಡಿ ಮಾತ್ರ ನಿಂತಿರಲಿಲ್ಲ. ಬೇಕಾದಾಗ ಗೇರ್ ಇಳಿಸಿ ಹೇಗೋ ನಿಭಾಯಿಸುತ್ತ ಅರಕಲಗೂಡು ದಾಟಿದೆ. ಅಲ್ಲಿ ಚಹಾ ಕುಡಿದು, ಸ್ಟಾರ್ಟ್ ಮಾಡಲು ಒಂದು ಗಂಟೆ ಕಿಕ್ ಹೊಡೆದು, ಕೊಣನೂರು ದಾಟುವಷ್ಟರಲ್ಲಿ ಹೊತ್ತು ಮುಳುಗತೊಡಗಿತ್ತು. ಇನ್ನು ಎರಡೇ ಮೈಲಿ. ಇಳಿಜಾರಿನ ತುದಿಯಲ್ಲಿ ಎಡಕ್ಕೆ ತಿರುಗಿದರೆ ಮಾವನ ಮನೆಯ ಬೀದಿ. ಬೀದಿಯ ಆ ತುದಿಯ ಏರಿನಲ್ಲಿ ಮನೆ.

ಆದರೆ ಸಂಕ್ರಾಂತಿಯ ಸಂಜೆ ನಮ್ಮ ಕಡೆಯ ಊರುಗಳಲ್ಲಿ ಏನು ನಡೆಯುತ್ತದೆಂಬುದನ್ನು, ಇಪ್ಪತ್ತೆಂಟು ವರ್ಷ ಅಳಿಯನಾಗಿದ್ದರೂ, ಆ ಕ್ಷಣದಲ್ಲಿ ನಾನು ಮರೆತಿದ್ದೆ. ಕಿಚ್ಚು ಹಾಯಿಸುವುದು! ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹಾರ ಹಾಕಿ, ಬೀದಿಗೆ ಅಡ್ಡಲಾಗಿ ಹುಲ್ಲು ಹಾಸಿ ಬೆಂಕಿ ಹಚ್ಚಿ, ಅದರ ಮೇಲೆ ಹಾರಿಸಿಕೊಂಡು ಮನೆಗೆ ಕರೆದುಕೊಂಡು ಹೋಗುತ್ತಾರೆ.

ಎಡಕ್ಕೆ ತಿರುಗಿಸಿದೆ. ವೈರು ಬಿಗಿಯಿತು. ಬೈಕು ಗರ್ಜಿಸಿತು. ಹ್ಯಾಂಡಲ್ ನೇರ ಮಾಡಿದೆ. ವೈರು ಎಲ್ಲೋ ಸಿಕ್ಕಿಕೊಂಡಿತ್ತು, ಬಿಡಲಿಲ್ಲ! ಎದುರಿಗೆ ಬೀದಿಯಗಲ ಬೆಂಕಿ. ಎರಡು ಕಡೆಯೂ ಇಡೀ ಊರು. ಬೆಂಕಿಯ ಈಚೆ ಸಾಲಾಗಿ ನಿಂತ ಎತ್ತುಗಳು, ಮೊದಲ ಜೋಡಿಯ ಹಗ್ಗ ಹಿಡಿದು ನಿಂತವನು ಸಾಕ್ಷಾತ್ ರಂಗ! ಎರಡೂ ಬ್ರೇಕನ್ನು ಜೀವ ಬಿಟ್ಟು ಒತ್ತಿದೆ. ಗ್ರೀಸು ತನ್ನ ಕೆಲಸ ಮಾಡಿತು. ಕ್ಲಚ್ ಹಿಡಿಯಬೇಕಿತ್ತು. ಅದು ಹೊಳೆದದ್ದು ಮಾರನೆಯ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ.

"ಬುಡ್ರಲಾ ದಾರಿ! ಮೇಷ್ಟ್ರು ಗಾಡಿ ಕಿಚ್ ಹಾಯ್ಸಕ್ ಬಂದವ್ರೆ!" ಎಂದು ಯಾರೋ ಕೂಗಿದರು. ಜನ ಸರಕ್ಕನೆ ಸರಿದರು. ರಂಗ ಎತ್ತುಗಳನ್ನು ಪಕ್ಕಕ್ಕೆಳೆದ. ಶಿಳ್ಳೆಗಳು ಎದ್ದವು. ನಾನು ಬಾಯಿ ತೆರೆದು ಏನೋ ಅರಚಿದೆ. ಜಯ ನನ್ನ ಸೊಂಟವನ್ನು ಅಪ್ಪಿ ಹಿಡಿದಳು. ಕಣ್ಣು ಮುಚ್ಚಿದೆ. ಮುಖಕ್ಕೆ ರಪ್ಪನೆ ಶಾಖ ಬಡಿಯಿತು. ಕಣ್ಣು ಬಿಟ್ಟಾಗ ಬೆಂಕಿ ಹಿಂದಿತ್ತು! ಬೈಕು ಏರು ಹತ್ತಿತು, ಉಬ್ಬಸಪಟ್ಟಿತು, ಮಾವನ ಮನೆಯ ಜಗಲಿಯ ಮುಂದೆ ಸರಿಯಾಗಿ ನಿಂತಿತು. ನಾನು ನಿಲ್ಲಿಸಲಿಲ್ಲ. ಪೆಟ್ರೋಲ್ ಮುಗಿದಿತ್ತು.

ಇಡೀ ಊರು ಹಿಂದೆಯೇ ಓಡಿಬಂತು. ನನ್ನನ್ನು ಇಳಿಯಲೂ ಬಿಡಲಿಲ್ಲ. ಬೆನ್ನು ತಟ್ಟಿದವರೆಷ್ಟು, ಕೈ ಕುಲುಕಿದವರೆಷ್ಟು! ಅತ್ತೆ ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಎತ್ತಿಗೆಂದು ಇಟ್ಟಿದ್ದ ಅರಿಸಿನ ಕುಂಕುಮವನ್ನು ಹೆಡ್‌ಲೈಟಿಗೆ ಹಚ್ಚಿ, ಚೆಂಡುಹೂವಿನ ಹಾರವನ್ನು ಹ್ಯಾಂಡಲ್ಲಿಗೆ ಹಾಕಿ, ಪೊಂಗಲಿನ ಒಂದು ಉಂಡೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಪೆಟ್ರೋಲ್ ಟ್ಯಾಂಕಿನ ಮೇಲಿಟ್ಟರು. ಊರಿನ ಹಿರಿಯರೊಬ್ಬರು ಕೋಲು ಊರಿಕೊಂಡು ಮುಂದೆ ಬಂದು ರಂಗನನ್ನು ನೋಡಿದರು.

"ಏನ್ಲಾ ರಂಗ, ನಿಮ್ ಬಾವುನ್ ಗಾಡೀನ ಎರವಲು ಅಂತಿದ್ದಲ್ಲ. ಎರವಲು ದನಾನ ಯಾರಾನ ಕಿಚ್ ಹಾಯ್ಸಾರ್ಲಾ? ಮನೆ ದನಾನೇ ಹಾಯ್ಸದು. ಇದು ಅವರ್ದೇ ಗಾಡಿ ಕಣ್ಲಾ!"

ಯಾವ ಆರ್.ಸಿ.ಯೂ ಹೇಳಲಾಗದ ಮಾತನ್ನು ಆ ಹಿರಿಯರು ಹೇಳಿದರು. ರಂಗ ತಲೆ ತಗ್ಗಿಸಿದ. ಆಮೇಲೆ ಹೊಸ ಹಲ್ಲು ತೋರಿಸಿ ನಕ್ಕು, ಎಲ್ಲರೆದುರು ನನ್ನ ಕೈ ಹಿಡಿದ. "ಇವತ್ತಿಂದ ಬುಟ್ಟೆ ಬಾವ ಆ ಎಸ್ರ. ನೀವು ಗಂಡ್ಸು ಕಣ್ ಬಾವ. ಇಷ್ಟ್ ಧೈರ್ಯ ಎಲ್ಲಿತ್ತು ನಿಮ್ಗೆ?"

ಇಪ್ಪತ್ತೆಂಟು ವರ್ಷ ಕಾದಿದ್ದ ಮಾತು! ನಿಜ ಹೇಳಿಬಿಡಬೇಕೆಂದು ಒಂದು ಕ್ಷಣ ಅನಿಸಿದ್ದು ಸುಳ್ಳಲ್ಲ. ವೈರು ಸಿಕ್ಕಿಕೊಂಡಿತು ಎಂದಾಗಲಿ, ಗ್ರೀಸ್ ಎಂದಾಗಲಿ ಹೇಳಬಹುದಿತ್ತು. ಹೇಳಲಿಲ್ಲ. "ಎಲ್ಲ ಲೆಕ್ಕಾಚಾರ ರಂಗ. ವೇಗ ಇಷ್ಟು, ಬೆಂಕಿಯ ಅಗಲ ಇಷ್ಟು. ವಿಜ್ಞಾನ!" ಎಂದೆ. ಊರು ತಲೆದೂಗಿತು.

ಜನ ಚದುರಿದ ಮೇಲೆ ಹಿತ್ತಿಲಿನಲ್ಲಿ ಕೈಕಾಲು ತೊಳೆಯುತ್ತಿದ್ದೆ. ಜಯ ಟವೆಲ್ ಹಿಡಿದು ಬಂದಳು. ಅವಳ ಒಂದು ಚಪ್ಪಲಿ ಕಿಚ್ಚಿಗೆ ಆಹುತಿಯಾಗಿತ್ತು. ನನ್ನ ಮೀಸೆಯ ಎಡಭಾಗವೂ.

"ಬೇಕಂತ ಹಾಯಿಸಿದ್ರಾ?" ಎಂದಳು.

ನಾನು ಮತ್ತೊಂದು ಚೊಂಬು ನೀರು ಕಾಲಿಗೆ ಸುರಿದುಕೊಂಡೆ.

"'ಅಯ್ಯೋ ಅಮ್ಮಾ, ಬ್ರೇಕ್ ಹಿಡೀತಿಲ್ಲ' ಅಂತ ಅರಚಿದ್ದು ನನಗೆ ಕೇಳಿಸ್ತು. ಬೇರೆಯವರಿಗೆ ಶಿಳ್ಳೆ ಗಲಾಟೇಲಿ ಕೇಳಿಸ್ಲಿಲ್ಲ, ಪುಣ್ಯ" ಎಂದು ಟವೆಲ್ ಕೊಟ್ಟಳು. ಆಮೇಲೆ ಹೇಳಿದಳು, "ನನ್ನ ನೋಡಕ್ಕೆ ಬಂದ ದಿನಾನೂ ಅಷ್ಟೇ. ವಾಪಸ್ ಹೋಗುವಾಗ ಕೀಲಿ ಎಲ್ಲಿಗೆ ಹಾಕ್ಬೇಕು ಅಂತ ಗೊತ್ತಾಗದೆ ಗಾಡಿ ಸುತ್ತ ಮೂರು ಸಲ ತಿರುಗಿದ್ರಿ. ಕಿಟಕೀಲಿ ನೋಡ್ತಿದ್ದೆ. ಗಾಡಿ ನಿಮ್ದಲ್ಲ ಅಂತ ಅವತ್ತೇ ಗೊತ್ತಿತ್ತು ನನಗೆ. ಗಾಡಿ ನೋಡಿ ಒಪ್ಕೊಂಡಿದ್ದು ಅಪ್ಪ. ನಾನಲ್ಲ."

ನಾನು ಟವೆಲಿನಲ್ಲಿ ಮುಖ ಮುಚ್ಚಿಕೊಂಡೆ, ಒರೆಸುವ ನೆಪದಲ್ಲಿ. ಈ ಚಳಿಗಾಲದ ನಿಜವಾದ ಬಹುಮಾನ ಆ ಎರಡು ಮಾತು. ಇದಕ್ಕಾಗಿ ಇಷ್ಟೆಲ್ಲ ಬಿಚ್ಚಿ ಜೋಡಿಸಬೇಕಾಗಿರಲಿಲ್ಲ, ಒಂದು ಸಲ ಕೇಳಿದ್ದರೆ ಸಾಕಿತ್ತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಈಗ ಊರಿನಲ್ಲೇ ಅತ್ಯಂತ ಸುಖಿ. ಆದರೆ ಅಂದು ಊಟಕ್ಕೆ ಕುಳಿತಾಗ ಆ ಹಿರಿಯರು ಮತ್ತೆ ಬಂದರು. ಊರಿನವರೆಲ್ಲ ಸೇರಿ ತೀರ್ಮಾನ ಮಾಡಿದ್ದಾರಂತೆ: ಇನ್ನು ಮುಂದೆ ಪ್ರತಿ ಸಂಕ್ರಾಂತಿಗೂ ಎತ್ತುಗಳಿಗಿಂತ ಮೊದಲು ಮೇಷ್ಟ್ರ ಗಾಡಿಯೇ ಕಿಚ್ಚು ಹಾಯಬೇಕು. ಪೊಂಗಲು ಬಾಯಲ್ಲಿದ್ದುದರಿಂದ ನಾನು ಬೇಡವೆನ್ನುವಷ್ಟರಲ್ಲಿ ರಂಗ ನನ್ನ ಪರವಾಗಿ ಒಪ್ಪಿಗೆ ಕೊಟ್ಟಾಗಿತ್ತು.

ಮಾರನೆಯ ವಾರ ಬೈಕನ್ನು ಸ್ವಾಮಣ್ಣನವರ ಬಳಿ ಒಯ್ದೆ. ಗ್ರೀಸನ್ನೆಲ್ಲ ಒರೆಸಿ ತೆಗೆದು, ಹೊಸ ವೈರು ಸಡಿಲವಾಗಿ ಹಾಕಿ, ಎಲ್ಲ ಸರಿಮಾಡಿ ಕೊಟ್ಟರು. ಈಗ ಹ್ಯಾಂಡಲ್ ಹೇಗೆ ತಿರುಗಿಸಿದರೂ ವೇಗ ಏರುವುದಿಲ್ಲ. ಬ್ರೇಕು ಮುಟ್ಟಿದರೆ ಸಾಕು, ಗಾಡಿ ಇದ್ದಲ್ಲೇ ನಿಲ್ಲುತ್ತದೆ. ಮುಂದಿನ ಸಂಕ್ರಾಂತಿಯ ಕಿಚ್ಚು ನೆನೆದರೆ ನನ್ನ ಭಯವೂ ಅದೇ.